ಥಳಿ ಹೊಡೆಯದ ಗುರುವಾರ

ಬೆಳಕು ಹರಿಯುವ ಮೊದಲು ಸುರೇಖಾಳ ಕೈಯಿಂದ ಆಗಬೇಕಿದ್ದ ಕೆಲಸಗಳು ಇವು. ನಳಕ್ಕೆ ಪೈಪು ಸಿಕ್ಕಿಸಿ ಡ್ರಮ್ಮು ತುಂಬಿಸುವುದು. ಅತ್ತೆ ಗಾಳೆಮ್ಮನ ಸ್ನಾನಕ್ಕೆ ನೀರು ಕಾಯಿಸುವುದು. ರಾತ್ರಿಯ ಮುಸುರೆ ತಿಕ್ಕುವುದು. ಗಂಡ ರಾಜೇಶನ ಡಬ್ಬಿಗೆ ಜೋಳದ ರೊಟ್ಟಿ, ಮಗಳು ಮಹೇಶ್ವರಿಯ ಡಬ್ಬಿಗೆ ಚಪಾತಿ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಅಂಗಳ ಗುಡಿಸಿ ಥಳಿ ಹೊಡೆಯುವುದು, ಅಂದರೆ ಬಕೆಟ್ಟಿನ ನೀರನ್ನು ಬೊಗಸೆಯಲ್ಲಿ ತುಂಬಿ ತುಂಬಿ ಚೆಲ್ಲಿ ಪರಸಿ ಕಲ್ಲುಗಳನ್ನೆಲ್ಲ ತೋಯಿಸಿ, ಬಾಗಿಲ ಮುಂದೆ ನಾಲ್ಕು ಎಳೆ ರಂಗೋಲಿ ಬಿಡುವುದು. ಕಾರಿನ ಎಂಜಿನ್ ಟ್ಯಾಂಕಿಗೆ ಗೀಟಿನ ತನಕ ನೀರು ಹಾಕುವುದು. ಇವೆಲ್ಲಕ್ಕೂ ಮೊದಲು, ಯಾರ ಲೆಕ್ಕಕ್ಕೂ ಬಾರದ ಇನ್ನೊಂದಿತ್ತು. ಎದ್ದ ಕೂಡಲೇ ಹಾಸಿಗೆಯನ್ನು ಕೈಯಿಂದ ತಡವಿ ನೋಡುವುದು, ಒದ್ದೆ ಹತ್ತಿದರೆ ಚಾದರವನ್ನು ಎಳೆದು ತಣ್ಣೀರಿನಲ್ಲಿ ಒಗೆದು, ಕತ್ತಲಿರುವಾಗಲೇ ಹಿತ್ತಲ ತಂತಿಗೆ ಹಾಕುವುದು.

ಈ ಚಾದರದ ಕೆಲಸ ಮೊದಲು ತಿಂಗಳಿಗೊಮ್ಮೆ ಇತ್ತು. ಬರಬರುತ್ತ ವಾರಕ್ಕೊಮ್ಮೆಯಾಯಿತು. ಸಿಂಧನೂರಿನ ಆ ಕಾಲೊನಿಯಲ್ಲಿ ಸುರೇಖಾ ಬೆಳ್ಳಗಾಗುತ್ತಿದ್ದಾಳೆ ಎಂದು ಓಣಿಯ ಹೆಂಗಸರು ಹೊಗಳಿದರು. ಎದುರು ಮನೆಯ ಸುಭಾನಬಿ ಮಾತ್ರ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಇದು ಬೆಳ್ಳಗಾಗೂದಲ್ಲವ್ವ, ಒಳಗ ರಗತ ಖಾಲಿ ಆಗಾಕತ್ತೈತಿ" ಎಂದಿದ್ದಳು.

ಊರಿನ ಡಾಕ್ಟರರ ಹತ್ತಿರ ಹೋಗಿದ್ದೂ ಆಗಿತ್ತು. ಅವರು ಕುರ್ಚಿಯಿಂದ ಏಳದೆ ಕೇಳಿದ್ದರು, "ಎಷ್ಟು ಮಕ್ಕಳು? ಒಂದಾ? ವಯಸ್ಸು ನಲವತ್ತು ದಾಟೈತಿ, ಇನ್ನ್ಯಾಕ ಬೇಕು ಚೀಲ? ತೆಗಿಸಿಬಿಡ್ರಿ. ಅಲ್ಲೀತನಕ ಈ ಗುಳಿಗಿ ನುಂಗ್ರಿ." ಈ ಕಡೆಯಲ್ಲಿ ಗರ್ಭಕೋಶಕ್ಕೆ ಚೀಲ ಎನ್ನುತ್ತಾರೆ. ಅಂಗಡಿಯಿಂದ ತಂದದ್ದನ್ನು ಖಾಲಿ ಮಾಡಿದ ಮೇಲೆ ಎಸೆಯುವುದಕ್ಕೂ ಅದೇ ಹೆಸರು.

"ನಂದೂ ತೆಗ್ದಾರ" ಎಂದು ಗಾಳೆಮ್ಮ ಧೈರ್ಯ ಹೇಳಿದಳು. "ಚೀಲ ಇಲ್ದ ನಾ ಏನ್ ಸತ್ತೀನೇನು? ಹೊಲದಾಗ ಕಳೆ ತೆಗದೀನಿ, ನಿನ್ ಗಂಡನ್ನ ಓದಿಸೀನಿ." ಅದನ್ನು ತೆಗೆಸಿದ ದಿನದಿಂದ ತನ್ನ ನಡ ನೆಟ್ಟಗಿಲ್ಲ ಎಂಬುದನ್ನು ಅವಳು ಬೇರೆ ದಿನ, ಬೇರೆ ಮಾತಿನ ನಡುವೆ ಹೇಳುತ್ತಿದ್ದಳು. ಎರಡು ಮಾತುಗಳನ್ನು ಒಟ್ಟಿಗೆ ಕಟ್ಟಿ ಯಾರೂ ಕೇಳಿರಲಿಲ್ಲ.

ದಾರಿ ತೋರಿಸಿದವಳು ಸುಭಾನಬಿಯೇ. "ಲಿಂಗಸುಗೂರಿನ್ಯಾಗ ಒಬ್ಬಾಕಿ ಡಾಕ್ಟರವ್ವ ಗುರುವಾರಕ್ಕೊಮ್ಮೆ ಬರ್ತಾಳ. ಕತ್ರಿ ಹಿಡಿಯೂಕ್ಕಿಂತ ಮೊದ್ಲ ಎಲ್ಲಿಂದ ಹೋಗಾಕತ್ತೈತಿ ಅಂತ ನೋಡ್ತಾಳ. ನನ್ ತಂಗೀದು ಗುಳಿಗಿನ್ಯಾಗ ನಿಂತು ಹೋತು. ಹೊಟ್ಟಿ ತುಂಬ ನೀರು ಕುಡಿದು ಹೋಗಬೇಕು, ಸ್ಕ್ಯಾನಿಂಗ್ ಮಾಡ್ತಾಳ." ಹೊಟ್ಟೆ ಕೊಯ್ಯುವ ಮುಂಚೆ ಒಬ್ಬರಾದರೂ ಒಳಗೆ ನೋಡಲಿ. ಸುರೇಖಾಳಿಗೆ ಬೇಕಿದ್ದದ್ದು ಅಷ್ಟೇ.

ರಾಜೇಶ ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ದಿನಾ ಅದೇ ಊರಿಗೆ ಹೋಗಿ ಬರುವವನು, ಅದೂ ಸ್ವಂತ ಕಾರಿನಲ್ಲಿ. ಹೈದರಾಬಾದಿನಿಂದ ತಂದ ಹಳೆಯ ಹೈಬ್ರಿಡ್ ಕಾರು ಅದು, ಅರ್ಧ ಪೆಟ್ರೋಲು ಅರ್ಧ ಕರೆಂಟು. ಸದ್ದಿಲ್ಲದೆ ಹೊರಡುತ್ತಿದ್ದುದರಿಂದ ಗಾಳೆಮ್ಮ ಅದಕ್ಕೆ ಕಳ್ಳ ಗಾಡಿ ಎಂದು ಹೆಸರಿಟ್ಟಿದ್ದಳು. ಕಾರಿನಲ್ಲಿ ಅವನ ಜೊತೆ ಇನ್ನೂ ಮೂವರು ಸಹೋದ್ಯೋಗಿಗಳು ಹೋಗುತ್ತಿದ್ದರು.

"ಮೂರು ಮಂದಿ ಗಂಡಸರ ನಡು ನೀ ಹ್ಯಾಂಗ ಕುಂದ್ರತಿ?" ಎಂದ ರಾಜೇಶ. ಅದು ನಿಜವೇ ಆಗಿತ್ತು. ಆ ಸ್ಥಿತಿಯಲ್ಲಿ ಅವರ ನಡುವೆ ಕೂರಲು ಅವಳಿಗೂ ಆಗುತ್ತಿರಲಿಲ್ಲ. "ಒಂದು ಗುರುವಾರ ರಜೆ ಹಾಕ್ತೀನಿ, ಆರಾಮ ಕರಕೊಂಡು ಹೋಗ್ತೀನಿ."

ಹಾಗೆ ರಜೆ ಹಾಕಿದ ಗುರುವಾರ ಸುರೇಖಾ ಎರಡು ಬಾಟಲಿ ನೀರು ತುಂಬಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಗದ್ದೆಗಳು ಮುಗಿದು ಒಣಭೂಮಿ ಶುರುವಾಗಿ, ದೂರದಲ್ಲಿ ಮಸ್ಕಿಯ ಗುಡ್ಡ ಕಾಣಿಸಿಕೊಳ್ಳುವ ಹೊತ್ತಿಗೆ ಸ್ಟೇರಿಂಗಿನ ಹಿಂದೆ ಕೆಂಪು ದೀಪ ಹತ್ತಿತು. ರಾಜೇಶ ಗಾಡಿ ಪಕ್ಕಕ್ಕೆ ನಿಲ್ಲಿಸಿ ಬಾನೆಟ್ಟು ಎತ್ತಿದ. ಕಾವು ಮುಖಕ್ಕೆ ಬಡಿಯಿತು.

"ನೀರು ಕಮ್ಮಿ ಆಗೈತಿ. ಮುಂಜಾನಿ ಹಾಕಿದ್ದ್ಯೋ ಇಲ್ಲೋ?"

"ಹಾಕೀನ್ರಿ. ಗೀಟಿನತನಕ ಹಾಕೀನಿ."

"ಮತ್ತ ಎಲ್ಲಿಗೆ ಹೋತು? ಹಾರಿ ಹೋತೇನು?"

ಗಾಡಿ ತಣ್ಣಗಾಗುವ ತನಕ ಇಬ್ಬರೂ ಜಾಲಿಮರದ ನೆರಳಲ್ಲಿ ಕಾದರು. ಆಮೇಲೆ ಅವನು ಕೈ ಚಾಚಿದ. "ಬಾಟ್ಲಿ ಕೊಡು."

"ಅದು ಸ್ಕ್ಯಾನಿಂಗಿಗೆ ಕುಡಿಯಾಕ ತಂದೀನ್ರಿ."

"ಗಾಡಿನ ಹೋಗಲಿಲ್ಲಂದ್ರ ಸ್ಕ್ಯಾನಿಂಗ್ ಎಲ್ಲಿಂದ ಬಂತ್ಲೇ?"

ಅವಳು ಬಾಟಲಿಗಳನ್ನು ಕೊಟ್ಟಳು. ಎರಡೂ ಬಾಟಲಿ ಗಾಡಿ ಕುಡಿಯಿತು. ಮುಂದೆ ಹೋಗುವ ಧೈರ್ಯವಾಗದೆ ರಾಜೇಶ ಹಿಂದಕ್ಕೆ ತಿರುಗಿಸಿದ. ಮನೆ ಮುಟ್ಟಿ ಅವಳು ಇಳಿದ ಕೂಡಲೇ ಅವನ ಕಣ್ಣು ಸೀಟಿನ ಮೇಲೆ ಬಿತ್ತು. "ಅಯ್ಯ, ಸೀಟಿಗೆ ಹತ್ತೇತಲ್ಲ!" ಸಂಜೆ ಸುರೇಖಾ ಸೀಟಿನ ಕವರು ಬಿಚ್ಚಿ ಉಪ್ಪು ಹಚ್ಚಿ ತಣ್ಣೀರಿನಲ್ಲಿ ಒಗೆದಳು. ರಗತದ ಕಲೆಗೆ ಬಿಸಿನೀರು ತಾಗಿಸಬಾರದು. ಈ ವಿದ್ಯೆಯನ್ನು ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ.

ಆಮೇಲೆ ಮನೆಯ ಚಿಂತೆಯೆಲ್ಲ ಕಾರಿನದಾಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ಒಬ್ಬ ಮೆಕ್ಯಾನಿಕ್ಕು ದೂರದಿಂದಲೇ ನೋಡಿ, "ಎಂಜಿನ್ ಬಿಚ್ಚಬೇಕು" ಎಂದ. ರಾಜೇಶ ಹೌಹಾರಿದ. "ನೋಡದನ ಬಿಚ್ಚತೀಯೇನು? ಎಲ್ಲಿ ಸೋರಾಕತ್ತೈತಿ ಅಂತ ಗೊತ್ತಾಗಲಾರದ ಬಿಚ್ಚೂದಂದ್ರ ಏನರ್ಥ?" ಎಂದು ಮನೆಗೆ ಬಂದು ತಾಯಿಯ ಮುಂದೆ ಕೂಗಾಡಿದ. ಗಾಳೆಮ್ಮ, "ಖರೇನಪ, ಆ ಮಂದಿಗೆ ಬಿಚ್ಚೂದೊಂದ ಗೊತ್ತು" ಎಂದು ಮಗನ ಪರವಾಗಿ ಮರುಗಿದಳು. ಸುರೇಖಾ ಒಳಗೆ ಹಿಟ್ಟು ನಾದುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತು ಮತ್ತೆ ನಾದತೊಡಗಿತು.

ಕೊನೆಗೆ ಬಂದವನು ಜುಲ್ಫಿಕರ್. ಮಸ್ಕಿ ರಸ್ತೆಯಲ್ಲಿ ಗ್ಯಾರೇಜು ಇಟ್ಟವನು, ಕರೆಂಟಿನ ಗಾಡಿಗೆ ಕೈಹಾಕಲು ಹೆದರದವನು. ಒಂದು ಸಂಜೆ, ರಾಜೇಶ ಆಫೀಸಿನಿಂದ ಬಂದ ಸ್ವಲ್ಪ ಹೊತ್ತಿಗೆ ಮನೆಗೇ ಬಂದು ಅಂಗಳದಲ್ಲಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಸರ್ರ, ನೀರು ಮಾಯ ಆಗಂಗಿಲ್ಲ. ಒಂದು ನೆಲಕ್ಕ ಬೀಳಬೇಕು. ಇಲ್ಲಾ ಎಂಜಿನ್ ಹೊಟ್ಟ್ಯಾಗ ಇಳೀಬೇಕು. ಇಲ್ಲಾ ಹೊಗಿ ಆಗಿ ಹಿಂದಿನಿಂದ ಹೋಗಬೇಕು. ಮೂರ ದಾರಿ." ಎಣ್ಣೆಯ ಕಡ್ಡಿ ಎಳೆದು ಬೆಳಕಿಗೆ ಹಿಡಿದ. "ಎಣ್ಣಿ ಮಜ್ಜಿಗಿ ಆಗಿಲ್ಲ, ಹೊಟ್ಟ್ಯಾಗ ಇಳದಿಲ್ಲ." ಗಾಡಿ ಚಾಲೂ ಮಾಡಿಸಿ ಹಿಂದೆ ನಿಂತು ನೋಡಿದ. ಬಿಳಿ ಹೊಗೆ ಇರಲಿಲ್ಲ. ಇನ್ನೂ ಬೆಚ್ಚಗಿದ್ದ ಟ್ಯಾಂಕಿನ ಬಾಯಿಗೆ ಕೈಪಂಪು ಕೂರಿಸಿ ಗಾಳಿ ಒತ್ತಿದ. ಪಂಪಿನ ಮುಳ್ಳು ಅಲುಗಾಡದೆ ನಿಂತಿತು, ಅಂದರೆ ಎಲ್ಲೂ ಸೋರುತ್ತಿರಲಿಲ್ಲ. ಅವನು ಗಡ್ಡ ಕೆರೆದುಕೊಂಡ.

"ಅಜೀಬ್ ಐತಿ. ಬಿಸಿ ಇದ್ದಾಗ ಲೋಹ ಉಬ್ಬಿ ಬಾಯಿ ಮುಚ್ಚಿಕೊಳ್ತಿರಬೇಕು. ತಣ್ಣಗಾದ ಮ್ಯಾಲ ಸೋರಬಹುದು. ಯಾವಾಗಿಂದ ಹಿಂಗ? ದಿನಾ ಎಷ್ಟು ಹೋಗತೈತಿ? ಎಲ್ಲಾ ದಿನ ಅಷ್ಟೇನಾ, ಒಂದೊಂದು ದಿನ ಜಾಸ್ತಿನಾ?"

ಚಹಾ ತಂದು ನಿಂತಿದ್ದ ಸುರೇಖಾ ಇಂಥ ಪ್ರಶ್ನೆಗಳನ್ನು ಯಾರಾದರೂ ಇಷ್ಟು ಸಮಾಧಾನದಿಂದ ಕೇಳುವುದನ್ನು ಆ ಮನೆಯಲ್ಲಿ ಮೊದಲ ಸಲ ಕಂಡಳು. ರಾಜೇಶ ಅವಳ ಕಡೆ ತಿರುಗಿದ. "ಲೇ, ಎಷ್ಟು ಹಾಕ್ತಿ?"

"ಚಾ ಲೋಟದಾಗ ಒಂದು. ಥಂಡಿ ಇದ್ದ ದಿನ ಹೆಚ್ಚು ಕುಡೀತೈತಿ."

"ನಳದ ನೀರೇನ್ರಿ ಅಕ್ಕಾರ?"

"ಹೂಂನ್ರಿ, ನಾವು ಕುಡಿಯೂದ ಅದು."

"ನೀವು ಕುಡಿತೀರಿ, ಗಾಡಿಗೆ ಆಗಿಬರಂಗಿಲ್ಲ. ಒಳಗ ಉಪ್ಪು ಕಟ್ಟತೈತಿ" ಎಂದು ಜುಲ್ಫಿಕರ್ ನಕ್ಕ. ರಾಜೇಶ ತಲೆ ಅಲ್ಲಾಡಿಸಿದ. "ಮನ್ಯಾಗಿನ ಹೆಂಗಸರ ಕೈಗೆ ಕೊಟ್ರ ಹಿಂಗ ನೋಡಪ." ಗೀಟು ತೋರಿಸಿ, ನಳದ ನೀರು ಹಾಕು ಎಂದು ಹೇಳಿಕೊಟ್ಟವನು ಅವನೇ.

"ಮುಂಜಾನಿ ನೆಲದ ಮ್ಯಾಲ ಏನಾರ ಬಿದ್ದಿರತೈತೇನ್ರಿ?" ಎಂದು ಜುಲ್ಫಿಕರ್ ಕೇಳಿದ.

"ನಾ ಎದ್ದು ನೋಡೂದರಾಗ ಸ್ವಚ್ಛ ಇರತೈತಿ" ಎಂದ ರಾಜೇಶ.

"ಇರಲಾರದ ಏನು?" ಗಾಳೆಮ್ಮ ಕಟ್ಟೆಯ ಮೇಲಿಂದ ಹೆಮ್ಮೆಯಿಂದ ಹೇಳಿದಳು. "ನಮ್ಮ ಸೊಸಿ ಕೋಳಿ ಕೂಗೂಕ್ಕಿಂತ ಮೊದ್ಲ ಥಳಿ ಹೊಡಿತಾಳ. ಈ ಓಣ್ಯಾಗ ಇಂಥ ಅಂಗಳ ಇನ್ನೊಂದು ತೋರ್ಸು."

ಎಲ್ಲರೂ ನಕ್ಕರು. ಜುಲ್ಫಿಕರನೂ ನಕ್ಕು ಚಹಾ ಕುಡಿದ.

ಮರುದಿನ ಗ್ಯಾರೇಜಿನಲ್ಲಿ ಅವನು ಹಳೆಯ ನೀರೆಲ್ಲ ಬಸಿದು ಗುಲಾಬಿ ಬಣ್ಣದ ಕೂಲಂಟು, ಅಂದರೆ ಎಂಜಿನ್ ತಂಪಿಡುವ ದ್ರವ, ತುಂಬಿದ. ಇನ್ನು ಎಲ್ಲಿ ಸೋರಿದರೂ ಬಣ್ಣ ಬೀಳುತ್ತದೆ, ದಿನಾ ಬೆಳಿಗ್ಗೆ ನೆಲ ನೋಡಿ ಎಂದು ರಾಜೇಶನಿಗೆ ಹೇಳಿ ಕ್ಯಾನು ಕೊಟ್ಟು ಕಳಿಸಿದ. ಕ್ಯಾನು ಕಾರಿನ ಡಿಕ್ಕಿಯಲ್ಲೇ ಉಳಿಯಿತು. ನೀರಾಗಿದ್ದಾಗ ಅದು ಸುರೇಖಾಳ ಕೆಲಸವಾಗಿತ್ತು, ಕೂಲಂಟು ಆದ ಮೇಲೆ ರಾಜೇಶನದಾಯಿತು. "ನೀ ಇನ್ನ ಅದಕ್ಕ ಕೈ ಹಚ್ಚಬ್ಯಾಡ" ಎಂದಷ್ಟೇ ಅವನು ಹೆಂಡತಿಗೆ ಹೇಳಿದ. ಬಣ್ಣದ ವಿಷಯ ಹೇಳಬೇಕು ಎಂದು ಅವನಿಗೆ ಅನ್ನಿಸಲಿಲ್ಲ.

ಎರಡು ದಿನ ಬಿಟ್ಟು, ಕತ್ತಲಲ್ಲಿ ಕಾರಿನ ಮುಂದೆ ಬಗ್ಗಿ ಗುಡಿಸಿ ಮೊದಲ ಬೊಗಸೆ ನೀರು ಚೆಲ್ಲಿದಾಗ, ಬಾಗಿಲ ದೀಪದ ಬೆಳಕಿನಲ್ಲಿ ಪರಸಿ ಕಲ್ಲಿನ ಮೇಲೆ ನೀರು ತೆಳ್ಳಗೆ ಗುಲಾಬಿಯಾಗಿ ಹರಿಯುವುದನ್ನು ಸುರೇಖಾ ಕಂಡಳು.

ತಾನು ಬಗ್ಗಿ ಗುಡಿಸಿದ್ದ ಜಾಗ ಅದೇ. ಸೀರೆಯ ಹಿಂಭಾಗ ಮುಟ್ಟಿ ನೋಡಿಕೊಂಡಳು. ಹಿಂದೊಮ್ಮೆ ಬಚ್ಚಲ ಹೊಸ್ತಿಲಲ್ಲಿ ಒಂದು ಹನಿ ಬಿದ್ದಾಗ ಗಾಳೆಮ್ಮ, "ನೋಡಿಕೊಂಡು ಓಡಾಡವ್ವ, ಮನ್ಯಾಗ ಗಂಡಸರದಾರ" ಎಂದಿದ್ದಳು. ಈಗ ಅಂಗಳದಲ್ಲಿ, ಬಾಗಿಲ ಮುಂದೆಯೇ! ಸುರೇಖಾ ಬಕೆಟ್ಟಿನಲ್ಲಿ ಉಳಿದ ನೀರನ್ನೆಲ್ಲ ಒಮ್ಮೆಗೇ ಸುರಿದು, ಕಸಬರಿಗೆಯಿಂದ ಉಜ್ಜಿ ಚರಂಡಿಗೆ ತಳ್ಳಿದಳು. ಮರುದಿನವೂ ಇತ್ತು. ಅದರ ಮರುದಿನವೂ. ನಳದಲ್ಲಿ ನೀರು ಬಾರದ ದಿನಗಳಲ್ಲೂ ಅವಳು ಅಂಗಳಕ್ಕೆ ಎರಡನೇ ಬಕೆಟ್ಟು ತೆಗೆದಿಟ್ಟಳು. ಬಟ್ಟೆಯನ್ನು ಇನ್ನೊಂದು ಮಡಿಕೆ ಹಾಕಿ ಕಟ್ಟಿಕೊಂಡಳು. ಆದರೂ ಗುಡಿಸಿ ನೀರು ಚೆಲ್ಲಿದ ಕೂಡಲೇ ಆ ಬಣ್ಣ ಹರಿಯುತ್ತಿತ್ತು. ನಡೆಯುವಾಗಲೂ ಗೊತ್ತಾಗದಂತೆ ಸುರಿದುಹೋಗುವಷ್ಟು ತನ್ನ ಮೈ ಕೈಬಿಟ್ಟಿದೆಯೇ ಎಂದು ಅವಳಿಗೆ ಭಯವಾಯಿತು. ಹೇಳಿದರೆ ಊರಿನ ಡಾಕ್ಟರರ ಆಪರೇಷನ್ ಟೇಬಲ್ಲಿಗೆ ನೇರ ಒಯ್ಯುತ್ತಾರೆ. ಹೇಳದಿದ್ದರೆ ಒಂದು ದಿನ ಇಲ್ಲೇ ಬಾಗಿಲಲ್ಲಿ ಬಿದ್ದಿರುತ್ತೇನೆ. ಎರಡರ ನಡುವೆ ಅವಳಿಗೆ ಮಾಡಲು ಉಳಿದದ್ದು ತೊಳೆಯುವುದು ಮಾತ್ರ.

ರಾಜೇಶ ಏಳು ಗಂಟೆಗೆ ಎದ್ದು, ಜುಲ್ಫಿಕರ್ ಹೇಳಿದಂತೆ ನೆಲ ನೋಡುತ್ತಿದ್ದ. ತೊಳೆದ ನೆಲ ಆರುತ್ತಿರುತ್ತಿತ್ತು. ಕಲ್ಲಿನ ಸಂದಿಯಲ್ಲಿ ಒಂದಿಷ್ಟು ಗುಲಾಬಿ ಕಂಡರೂ ಹೆಂಡತಿಯ ರಂಗೋಲಿಯ ಬಣ್ಣ ಎಂದುಕೊಂಡು, "ಇವತ್ತೂ ಏನಿಲ್ಲೋ ಮಾರಾಯ" ಎಂದು ಫೋನು ಮಾಡುತ್ತಿದ್ದ. ಕೂಲಂಟು ಮಾತ್ರ ದಿನಾ ಇಳಿಯುತ್ತಿತ್ತು. ಕ್ಯಾನು ಖಾಲಿಯಾಯಿತು, ಇನ್ನೊಂದು ಬಂತು. "ಗಾಡಿ ರಿಪೇರಿ ಆದ್ ಕೂಡ್ಲೆ ಹೋಗೂಣು" ಎಂಬ ಮಾತಿನಲ್ಲಿ ಗುರುವಾರಗಳು ಕಳೆದವು.

ಒಮ್ಮೆ ಅವಳೇ ಬಸ್ಸಿನಲ್ಲಿ ಹೊರಟಿದ್ದೂ ಉಂಟು. ತವರು ಮಸ್ಕಿ; ದಾರಿಯ ನಡುವೆ, ಬಸ್‌ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ. ಮಸ್ಕಿ ಬರುವಷ್ಟರಲ್ಲಿ ಸೀರೆ ತೋಯ್ದು, ಇಳಿದು ಅವ್ವನ ಮನೆಗೆ ಓಡಿದಳು. ಅವ್ವ ಬಿಸಿನೀರು ಕೊಟ್ಟಳು, ಚಹಾ ಕೊಟ್ಟಳು, ತಲೆ ನೇವರಿಸಿದಳು, ಸಂಜೆಯ ಬಸ್ಸಿಗೆ ವಾಪಸು ಹತ್ತಿಸಿದಳು. "ಗಂಡನ ಸಂಗಾಟ ಹೋಗವ್ವ, ಒಬ್ಬಾಕಿನ ಹೋದ್ರ ಅವ್ರೇನ್ ಅಂದ್ಕೊಳ್ಳಂಗಿಲ್ಲ?" ಎಂದಳು.

ಆಮೇಲೆ ಊರಿನ ಡಾಕ್ಟರರು ಕೊಟ್ಟಿದ್ದ ಗುಳಿಗೆಗಳಿಂದಲೋ ಏನೋ, ಒಂದಿಷ್ಟು ದಿನ ಎಲ್ಲ ನಿಂತಿತು. ಹಾಸಿಗೆ ಒಣಗಿತ್ತು, ಬಟ್ಟೆ ಒಣಗಿತ್ತು. ಸುರೇಖಾ ಹಗುರಾಗಿ ಎದ್ದು ಬಕೆಟ್ಟು ಹಿಡಿದು ಅಂಗಳಕ್ಕೆ ಬಂದಳು. ಅದು ಗುರುವಾರ.

ಕಾರಿನ ಮುಂದೆ ನೆಲದ ಮೇಲೆ ಗುಲಾಬಿ ಕಲೆ ಇತ್ತು.

ಅವಳು ಬಕೆಟ್ಟು ಕೆಳಗಿಟ್ಟಳು. ಇನ್ನೂ ಕಸಬರಿಗೆ ಹಿಡಿದಿರಲಿಲ್ಲ, ಬಗ್ಗಿರಲಿಲ್ಲ, ಆ ಜಾಗಕ್ಕೆ ಕಾಲೇ ಇಟ್ಟಿರಲಿಲ್ಲ. ಕೂತು ಬೆರಳಿನಿಂದ ಮುಟ್ಟಿದಳು. ಎಣ್ಣೆಯಂತೆ ಜಾರಿತು. ಮೂಸಿದಳು. ರಗತದ ಕಬ್ಬಿಣದ ವಾಸನೆ ಇರಲಿಲ್ಲ, ಎಂಥದೋ ಸಿಹಿ ವಾಸನೆ. ಫೋನಿನ ಬೆಳಕು ಹಾಕಿ ಬಂಪರಿನ ಕೆಳಗೆ ತಲೆ ಬಗ್ಗಿಸಿದಳು. ಎಂಜಿನ್ನಿನ ಮಗ್ಗುಲಲ್ಲಿ ಗುಲಾಬಿ ಉಪ್ಪು ಕಟ್ಟಿದಂತೆ ಒಂದು ಗೆರೆ ಇತ್ತು. ಅದರ ತುದಿಯಲ್ಲಿ ಒಂದು ಹನಿ ತೂಗಿತು, ದಪ್ಪಗಾಯಿತು, ಬಿತ್ತು.

ಅವಳಿಗೆ ನಗು ಬರಲಿಲ್ಲ. ಇಷ್ಟು ದಿನ ಇದನ್ನು ತನ್ನದೆಂದು ತಿಳಿದು ತೊಳೆದಿದ್ದಳು. ಊರಿಗೆಲ್ಲ ಮಾದರಿಯಾದ ಅಂಗಳ.

ಒಳಗೆ ಹೋಗಿ ಗಂಡನ ಭುಜ ಮುಟ್ಟಿದಳು. "ನೋಡ್ರಿ, ಗಾಡಿ ಕೆಳಗ..."

"ಜುಲ್ಫಿಕರ್ ನೋಡ್ತಾನ್ಲೇ" ಎಂದು ಅವನು ಮಗ್ಗುಲು ಬದಲಿಸಿದ. "ಮಲಗಾಕ ಬಿಡು. ಎದ್ದ ಮ್ಯಾಲ ಚಾ ಕೊಡು."

ಸುರೇಖಾ ಮತ್ತೆ ಅಂಗಳಕ್ಕೆ ಬಂದು ನಿಂತಳು. ಬಕೆಟ್ಟಿನಲ್ಲಿ ನೀರು ತುಂಬಿತ್ತು. ಚೆಲ್ಲಿದರೆ ರಾಜೇಶ ಇವತ್ತೂ ಏನಿಲ್ಲ ಎನ್ನುತ್ತಾನೆ. ಬಿಟ್ಟರೆ ಗಾಡಿ ಗ್ಯಾರೇಜು ಸೇರುತ್ತದೆ. ಎರಡರಲ್ಲಿ ಯಾವುದಾದರೂ ಇವತ್ತಿನ ಗುರುವಾರ ಕೈತಪ್ಪುತ್ತದೆ. ಅವಳು ಬಕೆಟ್ಟು ಎತ್ತಿ ಒಯ್ದು ನೀರನ್ನು ಡ್ರಮ್ಮಿಗೇ ವಾಪಸು ಸುರಿದಳು. ಗೂಡಿನಿಂದ ರಂಗೋಲಿ ಬಟ್ಟಲು ತಂದು, ಗುಲಾಬಿ ಕಲೆಯ ಸುತ್ತ ಬಿಳಿ ಗೀಟಿನಲ್ಲಿ ಒಂದು ವೃತ್ತ ಎಳೆದಳು. ಚುಕ್ಕಿ ಇಡಲಿಲ್ಲ, ಹೂವು ಬಿಡಿಸಲಿಲ್ಲ.

ಮಗಳನ್ನು ಎಬ್ಬಿಸಿ, "ಹಿಟ್ಟು ನಾದಿಟ್ಟೀನಿ, ನಿಮ್ಮಪ್ಪಗ ಹೇಳು, ನಾ ದವಾಖಾನಿಗೆ ಹೋಗೀನಿ" ಎಂದಳು. ಗಾಳೆಮ್ಮ ಕತ್ತಲ ಕೋಣೆಯಿಂದ ಕೇಳಿದಳು, "ಥಳಿ ಹೊಡದ್ಯೇನವ್ವ?"

"ಇಲ್ರಿ ಅತ್ತಿ."

ಸುರೇಖಾ ಎರಡು ಬಾಟಲಿ ನೀರು, ಹಳೆಯ ಟವೆಲ್ಲು, ಡಾಕ್ಟರರ ಚೀಟಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

ಎಂಟು ಗಂಟೆಯ ತನಕ ಕಾದು ಸಿಕ್ಕ ಬಸ್ಸಿನಲ್ಲಿ ಟವೆಲ್ಲು ಹಾಸಿ ಕೂತಳು. ಕಂಡಕ್ಟರು ಬಂದಾಗ ಆಧಾರ್ ಕಾರ್ಡು ತೋರಿಸಿದಳು, ಬಾಯಿಂದ ಹೊರಟದ್ದು ಮಾತ್ರ "ಮಸ್ಕಿ". ಲಿಂಗಸುಗೂರು ಎನ್ನಲು ನಾಲಿಗೆ ಬರಲಿಲ್ಲ. ಹೆಂಗಸರ ಪುಕ್ಕಟೆ ಟಿಕೇಟನ್ನು ಅವನು ಹರಿದು ಕೊಟ್ಟ.

ಗದ್ದೆಗಳು ಮುಗಿದು ಗುಡ್ಡ ಕಂಡಿತು. ಆಗ ಒಳಗೆ ಬೆಚ್ಚಗೆ ಏನೋ ಜಾರಿದಂತಾಯಿತು. ಸುರೇಖಾ ಕಣ್ಣು ಮುಚ್ಚಿದಳು. ಇವತ್ತೇ. ಇವತ್ತೇ ಬರಬೇಕಿತ್ತೇ?

ಮಸ್ಕಿಯಲ್ಲಿ ಬಸ್ಸು ನಿಂತಾಗ ಫೋನು ರಿಂಗಾಯಿತು.

"ಲೇ, ಎಲ್ಲಿದ್ದೀ?" ರಾಜೇಶನ ದನಿಯಲ್ಲಿ ಸಿಟ್ಟಿಗಿಂತ ಸಂತೋಷವೇ ಹೆಚ್ಚಿತ್ತು. "ಜುಲ್ಫಿಕರ್ ಬಂದು ನೋಡಿದ. ನೀರಿನ ಪಂಪಂತ, ಸಣ್ಣದು! ಎಂಜಿನ್ ಬಿಚ್ಚೂದ ಬ್ಯಾಡಂತ. ಆ ರಂಗೋಲಿ ಗೀಟು ನೀ ಹಾಕಿದ್ದೇನು?"

"ಹೂಂನ್ರಿ."

"ನಾ ಅದು ಬಣ್ಣ ಅಂದ್ಕೊಂಡಿದ್ದೆ ನೋಡು! ಮೊದ್ಲ ಹೇಳಾಕೇನಾಗಿತ್ತು?"

ಕಂಡಕ್ಟರು ಊರಿನ ಹೆಸರು ಕೂಗಿದ್ದು ಫೋನಿನಲ್ಲಿ ಅವನಿಗೂ ಕೇಳಿಸಿತು. ಕಿಟಕಿಯಾಚೆ ತವರಿನ ಓಣಿಯ ಬೇವಿನ ಮರ ಕಾಣುತ್ತಿತ್ತು.

"ಮಸ್ಕ್ಯಾಗ ಅದೀಯೇನು? ಇಳಿದು ನಿಮ್ಮವ್ವನ ಮನಿಗೆ ಹೋಗು, ಸಂಜಿಗೆ ಬಾ. ಪಂಪ್ ರಾಯಚೂರಿಂದ ತರಿಸ್ತಾನಂತ. ಮುಂದಿನ ಗುರುವಾರ ನಾನ ಕರಕೊಂಡು ಹೋಗ್ತೀನಿ, ಆಣಿ ಮಾಡಿ ಹೇಳ್ತೀನಿ. ಬಸ್ಸಿನ್ಯಾಗ ಯಾಕ ತ್ರಾಸ ತಗೋತಿ?"

ಅವನ ಮಾತು ಸುಳ್ಳಾಗಿರಲಿಲ್ಲ. ಬಹುಶಃ ಕರೆದೊಯ್ಯುತ್ತಿದ್ದ. ಅವ್ವನ ಬಚ್ಚಲಲ್ಲಿ ಬಿಸಿನೀರು ಇರುತ್ತಿತ್ತು. ಲಿಂಗಸುಗೂರಿನಲ್ಲಿ ಡಾಕ್ಟರವ್ವ ಇವತ್ತು ಬಂದಿದ್ದಾಳೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಸೀಟಿಗೆ ಹತ್ತಿದೆಯೋ ಏನೋ, ಎದ್ದರೆ ಎಲ್ಲರಿಗೂ ಕಾಣುತ್ತದೋ ಏನೋ.

"ಕೇಳಸ್ತೈತೇನು? ಇಳೀತಿಲ್ಲೋ?"

"ಆಮ್ಯಾಲ ಮಾಡ್ತೀನ್ರಿ" ಎಂದು ಫೋನು ಇಟ್ಟಳು.

"ಮಸ್ಕೀ, ಮಸ್ಕಿ ಯಾರ್ರೀ ಇಳಿಯೋರು?" ಕಂಡಕ್ಟರು ಬಾಗಿಲಲ್ಲಿ ನಿಂತು ಅವಳ ಕಡೆ ನೋಡಿದ. "ಏನಕ್ಕ, ನಿಂದು ಮಸ್ಕಿ ಅಲ್ಲೇನು?"

ಸುರೇಖಾ ಸರಳನ್ನು ಹಿಡಿದಳು. ಏಳಲಿಲ್ಲ.

"ಇನ್ನೊಂದು ಟಿಕೇಟ್ ಕೊಡ್ರಿ. ಲಿಂಗಸುಗೂರು."

"ಮೊದ್ಲ ಹೇಳಬಾರದಾಗಿತ್ತೇನವ್ವ? ಪುಕ್ಕಟೆ ಅಂತ ಮನಸ್ಸಿಗೆ ಬಂದಲ್ಲೆಲ್ಲ..." ಗೊಣಗುತ್ತಲೇ ಅವನು ಮಿಷನ್ನು ಒತ್ತಿದ. ಬಸ್ಸು ಹೊರಟಿತು. ಬೇವಿನ ಮರ ಹಿಂದಕ್ಕೆ ಹೋಯಿತು. ಸುರೇಖಾ ಟಿಕೇಟನ್ನು ಬಳೆಯ ಕೆಳಗೆ ಸಿಕ್ಕಿಸಿ, ಒಂದು ಬಾಟಲಿಯ ಮುಚ್ಚಳ ತೆಗೆದು ಕುಡಿಯತೊಡಗಿದಳು. ಲಿಂಗಸುಗೂರು ಬರುವುದರೊಳಗೆ ಹೊಟ್ಟೆ ತುಂಬಬೇಕಿತ್ತು.